ಸೋಯಾ ಎಣ್ಣೆಯ ಎರಡು ತೂಬುಗಳು

ಬಜ್ಜಿ ಕರಿಯುವ ಬಾಣಲೆಯ ಅಂಚನ್ನು ಯಾವತ್ತಾದ್ರೂ ಗಮನಿಸಿದ್ದೀರಾ? ಕಂದು ಬಣ್ಣದ ಜಿಗುಟು ಪದರವೊಂದು ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಉಗುರಲ್ಲಿ ಕೆರೆದರೂ ಬರುವುದಿಲ್ಲ, ಸೋಪು ಹಾಕಿ ಉಜ್ಜಿದರೂ ಬರುವುದಿಲ್ಲ. ಅದು ಕೊಳೆ ಅಲ್ಲ, ಎಣ್ಣೆಯೇ. ಗಾಳಿಯ ಆಮ್ಲಜನಕದ ಜೊತೆ ಸೇರಿ, ಒಂದಕ್ಕೊಂದು ಹೆಣೆದುಕೊಂಡು, ಒಣಗಿ ಪೇಂಟ್ ಆಗಿಬಿಟ್ಟ ಎಣ್ಣೆ. ಪೇಂಟ್ ಅಂದಿದ್ದು ಬರೀ ಮಾತಿಗಲ್ಲ. ಮರದ ಬಾಗಿಲಿಗೆ, ಕ್ರಿಕೆಟ್ ಬ್ಯಾಟಿಗೆ ಹಚ್ಚುವ ಅಗಸೆ ಎಣ್ಣೆ ಒಣಗಿ ಗಟ್ಟಿಯಾಗುವುದೂ ಹೀಗೇ.

ಯಾವ ಎಣ್ಣೆ ಬೇಗ ಹೀಗಾಗುತ್ತದೆ, ಯಾವುದು ತಡೆದುಕೊಳ್ಳುತ್ತದೆ ಅನ್ನುವುದನ್ನು ಎಣ್ಣೆ ಮಿಲ್ಲಿನವನು ತೀರ್ಮಾನ ಮಾಡುವುದಿಲ್ಲ. ಅದು ಬೀಜದೊಳಗೇ, ಕಾಯಿ ತುಂಬುವ ಹೊತ್ತಿಗೆ, ಕೆಲವೇ ಕೆಲವು ಜೀನ್‌ಗಳಿಂದ ತೀರ್ಮಾನವಾಗಿರುತ್ತದೆ. ಸೋಯಾಬೀನ್‌ನಲ್ಲಿ ಆ ಜೀನ್‌ಗಳನ್ನು ಹುಡುಕಿ ಬದಲಾಯಿಸಿದ ಕಥೆ ನನಗೆ ತುಂಬ ಇಷ್ಟ. ಒಂದು ಜೀನ್ ಸಿಕ್ಕಿತು, ಕೆಲಸ ಆಯ್ತು ಅನ್ನುವ ಕಥೆ ಅಲ್ಲ ಇದು. ಸಿಕ್ಕಿತು ಅಂದುಕೊಂಡ ಪ್ರತಿ ಸಲವೂ ಇನ್ನೊಂದು ಬಾಗಿಲು ತೆರೆದೇ ಇತ್ತು.

ಮೊದಲು ಎಣ್ಣೆ ಅಂದರೇನು ನೋಡೋಣ. ಎಣ್ಣೆಯ ಒಂದು ಅಣುವನ್ನು ಮೂರು ಬಾಲದ ಪ್ರಾಣಿ ಅಂದುಕೊಳ್ಳಿ. ತಲೆ ಗ್ಲಿಸರಾಲ್. ಬಾಲಗಳೇ ಫ್ಯಾಟಿ ಆಸಿಡ್‌ಗಳು. ಒಂದೊಂದು ಬಾಲವೂ ಕಾರ್ಬನ್‌ನ ಸರಪಳಿ, ಉದ್ದ 16 ಇಲ್ಲವೇ 18 ಕಾರ್ಬನ್. ಸರಪಳಿಯ ಕೆಲವು ಜಾಗದಲ್ಲಿ ಪಕ್ಕಪಕ್ಕದ ಎರಡು ಕಾರ್ಬನ್‌ಗಳ ನಡುವೆ ಒಂದರ ಬದಲು ಎರಡು ಕೊಂಡಿ ಇರುತ್ತವೆ. ಇದನ್ನು ದ್ವಿಬಂಧ ಅಂತಾರೆ. ದ್ವಿಬಂಧ ಇರುವಲ್ಲಿ ಬಾಲ ಸೊಟ್ಟಗಾಗುತ್ತದೆ. ಅದಕ್ಕೇ ನಾನು ಇಲ್ಲಿ ಇದನ್ನು ಬಾಗು ಅಂತಲೇ ಕರೆಯುತ್ತೇನೆ.

ಬಾಗೇ ಇಲ್ಲದವು ಪಾಮಿಟಿಕ್ ಮತ್ತು ಸ್ಟಿಯರಿಕ್. ಒಂದು ಬಾಗು ಇರುವುದು ಓಲೀಕ್. ಎರಡು ಇರುವುದು ಲಿನೋಲೀಕ್. ಮೂರು ಇರುವುದು ಲಿನೋಲೆನಿಕ್. ಕೊನೆಯ ಎರಡು ಹೆಸರುಗಳನ್ನು ಇಟ್ಟವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ, ಎಷ್ಟು ಸಲ ಓದಿದರೂ ಒಂದು ಇನ್ನೊಂದರ ಹಾಗೇ ಕಾಣುತ್ತದೆ. ಒಂದು ಬಾಗು, ಎರಡು ಬಾಗು, ಮೂರು ಬಾಗು ಅಂತ ನೆನಪಿಟ್ಟುಕೊಂಡರೆ ಸಾಕು.

ಮಾಮೂಲಿ ಸೋಯಾ ಕಾಳಿನಲ್ಲಿ ಸುಮಾರು ಶೇ 20 ಎಣ್ಣೆ, ಶೇ 40 ಪ್ರೋಟೀನ್. ಆ ಎಣ್ಣೆಯ ಒಳಗೆ ನೋಡಿದರೆ ಪಾಮಿಟಿಕ್ ಶೇ 10-11, ಸ್ಟಿಯರಿಕ್ ಶೇ 4, ಓಲೀಕ್ ಶೇ 23ರ ಆಸುಪಾಸು, ಎರಡು ಬಾಗಿನ ಲಿನೋಲೀಕ್ ಶೇ 54, ಮೂರು ಬಾಗಿನದು ಶೇ 8ರ ಹತ್ತಿರ. ಅಂದರೆ ಅರ್ಧಕ್ಕಿಂತ ಜಾಸ್ತಿ ಎರಡು ಬಾಗಿನದೇ.

ಇದರಲ್ಲಿ ತೊಂದರೆ ಎಲ್ಲಿ? ಎರಡು ಬಾಗುಗಳ ನಡುವೆ ಒಂದು ಕಾರ್ಬನ್ ಸಿಕ್ಕಿಕೊಂಡಿರುತ್ತದೆ. ಅದರ ಹೈಡ್ರೋಜನ್ ತುಂಬ ಸಡಿಲ, ಯಾರಾದರೂ ಎಳೆದರೆ ಬಂದುಬಿಡುತ್ತದೆ. ಆಮ್ಲಜನಕ ಕೈಹಾಕುವುದೇ ಅಲ್ಲಿಗೆ. ಓಲೀಕ್‌ನಲ್ಲಿ ಒಂದೇ ಬಾಗು, ಹಾಗಾಗಿ "ನಡುವೆ" ಅನ್ನುವ ಜಾಗವೇ ಇಲ್ಲ. ಲಿನೋಲೀಕ್‌ನಲ್ಲಿ ಅಂಥ ಜಾಗ ಒಂದು, ಲಿನೋಲೆನಿಕ್‌ನಲ್ಲಿ ಎರಡು. ಗಾಳಿಗೆ ಕೆಡುವ ವೇಗ ಅಳೆದರೆ ಲೆಕ್ಕ ಸರಿಯಾಗಿ ಹೊಂದುತ್ತದೆ. ಓಲೀಕ್‌ನ ವೇಗ ಒಂದು ಅಂದರೆ ಲಿನೋಲೀಕ್‌ನದು ಸುಮಾರು ಹತ್ತು, ಲಿನೋಲೆನಿಕ್‌ನದು ಸುಮಾರು ಇಪ್ಪತ್ತು. ಅಗಸೆ ಎಣ್ಣೆ ಪೇಂಟಿಗೆ ಯಾಕೆ ಒಗ್ಗುತ್ತದೆ ಅಂತ ಈಗ ಗೊತ್ತಾಯ್ತಲ್ವಾ? ಅದರ ಅರ್ಧದಷ್ಟು ಮೂರು ಬಾಗಿನದೇ.

ಸೋಯಾ ಎಣ್ಣೆಯಲ್ಲಿ ಮೂರು ಬಾಗಿನದು ಶೇ 8 ಮಾತ್ರ, ಆದರೂ ಹೆಸರು ಕೆಡಿಸಲು ಅಷ್ಟೇ ಸಾಕಾಯಿತು. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಸೋಯಾ ಎಣ್ಣೆ ರಾಶಿರಾಶಿ ಇತ್ತು, ತಿನ್ನುವವರಿಗೆ ಮಾತ್ರ ಇಷ್ಟವಿರಲಿಲ್ಲ. ಸ್ವಲ್ಪ ದಿನ ಇಟ್ಟರೆ ಹುಲ್ಲಿನ ವಾಸನೆ, ಬಣ್ಣದ ಡಬ್ಬಿಯ ವಾಸನೆ, ಮೀನಿನ ವಾಸನೆ. ಯಾಕೆ ಅಂತ ಹುಡುಕುವ ಕೆಲಸ ಇಲಿನಾಯ್‌ನ ಪಿಯೋರಿಯಾದಲ್ಲಿದ್ದ ಸರ್ಕಾರಿ ಪ್ರಯೋಗಾಲಯಕ್ಕೆ ಬಿತ್ತು. 1951ರಲ್ಲಿ ಹರ್ಬರ್ಟ್ ಡಟನ್ ಮತ್ತು ಜೊತೆಗಾರರು ಸರಳವಾದ, ಸ್ವಲ್ಪ ತುಂಟ ಅನ್ನಿಸುವ ಪರೀಕ್ಷೆಯೊಂದನ್ನು ಮಾಡಿದರು. ಹತ್ತಿಬೀಜದ ಎಣ್ಣೆಯಲ್ಲಿ ಲಿನೋಲೆನಿಕ್ ಇರುವುದಿಲ್ಲ ಅಂದರೂ ನಡೆಯುತ್ತದೆ. ಆ ಎಣ್ಣೆಯ ಅಣುಗಳಿಗೆ ಸೋಯಾದಲ್ಲಿ ಇರುವಷ್ಟೇ ಲಿನೋಲೆನಿಕ್ ಬಾಲಗಳನ್ನು ಜೋಡಿಸಿ, ಸ್ವಲ್ಪ ದಿನ ಇಟ್ಟು, ರುಚಿ ನೋಡುವವರ ಕೈಗೆ ಕೊಟ್ಟರು. ಅವರು ಅದನ್ನು ಸೋಯಾ ಎಣ್ಣೆ ಅಂದರು! ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ.

ಕಳ್ಳ ಸಿಕ್ಕರೂ ಬೀಜವನ್ನು ಸರಿ ಮಾಡುವ ದಾರಿ ಆಗ ಗೊತ್ತಿರಲಿಲ್ಲ. ಕಾರ್ಖಾನೆಯಲ್ಲಿ ಸರಿ ಮಾಡಿದರು. ಎಣ್ಣೆಗೆ ಹೈಡ್ರೋಜನ್ ಹಾಯಿಸಿದರೆ ಬಾಗುಗಳು ಒಂದೊಂದಾಗಿ ನೆಟ್ಟಗಾಗುತ್ತವೆ, ಎಣ್ಣೆ ಬಾಳಿಕೆ ಬರುತ್ತದೆ. ಜಾಸ್ತಿ ಹಾಯಿಸಿದರೆ ಗಟ್ಟಿಯಾಗಿ ವನಸ್ಪತಿ ಆಗುತ್ತದೆ. ನಮ್ಮ ಹಿಂದಿನ ತಲೆಮಾರಿಗೆ ಡಾಲ್ಡಾ ಅಂದರೆ ಗೊತ್ತಲ್ಲ, ಅದೇ ವಿದ್ಯೆ. ಆದರೆ ಈ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿದಾಗ ಕೆಲವು ಬಾಗುಗಳು ಹೋಗುವ ಬದಲು ತಿರುಚಿಕೊಂಡು ಉಳಿಯುತ್ತವೆ. ಅದೇ ಟ್ರಾನ್ಸ್ ಫ್ಯಾಟ್. ಅದು ಹೃದಯಕ್ಕೆ ಕೆಟ್ಟದ್ದು ಅಂತ ಸಾಬೀತಾಗುವ ಹೊತ್ತಿಗೆ ದಶಕಗಳೇ ಕಳೆದಿದ್ದವು. ಅಮೆರಿಕದಲ್ಲಿ 2006ರಿಂದ ಪ್ಯಾಕೆಟ್ ಮೇಲೆ ಟ್ರಾನ್ಸ್ ಫ್ಯಾಟ್ ಎಷ್ಟಿದೆ ಅಂತ ಬರೆಯುವುದು ಕಡ್ಡಾಯವಾಯಿತು. 2015ರಲ್ಲಿ ಅರೆಬರೆ ಹೈಡ್ರೋಜನ್ ಹಾಯಿಸಿದ ಎಣ್ಣೆ ಸುರಕ್ಷಿತ ಅಲ್ಲ ಅಂತ ಅಲ್ಲಿನ ಆಹಾರ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿಬಿಟ್ಟಿತು. ನಮ್ಮ ಎಫ್‌ಎಸ್‌ಎಸ್‌ಎಐ ಕೂಡ ಎಣ್ಣೆ, ವನಸ್ಪತಿಗಳಲ್ಲಿ ಮಿತಿಯನ್ನು 2021ಕ್ಕೆ ಶೇ 3ಕ್ಕೆ, 2022ಕ್ಕೆ ಶೇ 2ಕ್ಕೆ ಇಳಿಸಿತು.

ಕಾರ್ಖಾನೆಯ ದಾರಿ ಮುಚ್ಚಿತು. ಉಳಿದಿದ್ದು ಬೀಜದ ದಾರಿ.

ಬೀಜದೊಳಗೆ ಈ ಬಾಲಗಳು ತಯಾರಾಗುವುದನ್ನು ನಮ್ಮ ಊರುಗಳ ಸರಣಿ ಕೆರೆಗಳ ಹಾಗೆ ನೋಡಬಹುದು. ಮೇಲಿನ ಕೆರೆ ತುಂಬಿ, ತೂಬಿನಿಂದ ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಗಿನದಕ್ಕೆ. ಗಿಡ ಮೊದಲು 16 ಕಾರ್ಬನ್‌ನ ಪಾಮಿಟಿಕ್ ಮಾಡುತ್ತದೆ, ಅದನ್ನು ಉದ್ದ ಮಾಡಿ 18ರ ಸ್ಟಿಯರಿಕ್ ಮಾಡುತ್ತದೆ, ಅದಕ್ಕೆ ಒಂದು ಬಾಗು ಹಾಕಿ ಓಲೀಕ್ ಮಾಡುತ್ತದೆ. ಈ ಓಲೀಕ್ ಕೆರೆಯಿಂದ ಕೆಳಗಿನ ಲಿನೋಲೀಕ್ ಕೆರೆಗೆ ನೀರು ಬಿಡುವ ತೂಬು ಫ್ಯಾಡ್-2 ಅನ್ನುವ ಕಿಣ್ವ, ಅದೇ ಹೆಸರಿನ ಜೀನು ಮಾಡಿಸುವ ಪ್ರೋಟೀನು. ಅದರ ಕೆಲಸ ಎರಡನೇ ಬಾಗು ಹಾಕುವುದು, ಅಷ್ಟೇ. ಲಿನೋಲೀಕ್ ಕೆರೆಯಿಂದ ಲಿನೋಲೆನಿಕ್ ಕೆರೆಗೆ ಬಿಡುವ ತೂಬು ಫ್ಯಾಡ್-3. ಅದು ಮೂರನೇ ಬಾಗು ಹಾಕುತ್ತದೆ.

ಕೊನೆಯ ಕೆರೆ ಬೇಡ ಅಂದರೆ ಫ್ಯಾಡ್-3 ತೂಬು ಮುಚ್ಚಿ. ಎರಡನೆಯದೂ ಬೇಡ, ಎಲ್ಲ ಓಲೀಕ್ ಆಗೇ ಉಳಿಯಲಿ ಅಂದರೆ ಫ್ಯಾಡ್-2 ಮುಚ್ಚಿ. ಕೇಳೋಕೆ ಎಷ್ಟು ಸುಲಭ.

ಮೊದಲು ಕೈ ಹಾಕಿದ್ದು ಕೊನೆಯ ಕೆರೆಗೆ, ಯಾಕಂದರೆ ಕಳ್ಳ ಅಂತ ಸಿಕ್ಕಿದ್ದು ಲಿನೋಲೆನಿಕ್ ತಾನೆ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ತಳಿ ವಿಜ್ಞಾನಿ ವಾಲ್ಟರ್ ಫೆರ್ ಮತ್ತು ಎಣ್ಣೆಯ ರಸಾಯನ ಬಲ್ಲ ಅರ್ಲ್ ಹ್ಯಾಮಂಡ್ ಸೇರಿ ಬೀಜಗಳನ್ನು ರಾಸಾಯನಿಕದಲ್ಲಿ ನೆನೆಸಿ, ಅಲ್ಲಲ್ಲಿ ಜೀನ್‌ಗಳು ಕೆಡುವ ಹಾಗೆ ಮಾಡಿ, ಎಣ್ಣೆ ಪರೀಕ್ಷೆ ಮಾಡುತ್ತಾ ಹೋದರು. 1980ರ ದಶಕದ ಆರಂಭದಲ್ಲಿ ಎ5 ಅನ್ನುವ ಸಾಲು, ಅಂದರೆ ಒಂದೇ ಗುಣವನ್ನು ಪೀಳಿಗೆಯಿಂದ ಪೀಳಿಗೆಗೆ ಉಳಿಸಿಕೊಳ್ಳುವ ಗಿಡಗಳ ವಂಶ, ಹೊರಬಂತು. ಅದರಲ್ಲಿ ಲಿನೋಲೆನಿಕ್ ಅರ್ಧಕ್ಕೆ ಇಳಿದಿತ್ತು. ಇತ್ತ ಪರ್ಡ್ಯೂ ವಿಶ್ವವಿದ್ಯಾಲಯದಲ್ಲೂ ಸಿ1640 ಅನ್ನುವ ಇಂಥದ್ದೇ ಒಂದು ಸಿಕ್ಕಿತ್ತು. ಅರ್ಧ ಇಳಿಯಿತು, ಪೂರ್ತಿ ಯಾಕೆ ಇಳಿಯಲಿಲ್ಲ? ಯಾಕಂದರೆ ತೂಬು ಒಂದಲ್ಲ, ಮೂರು. ಸೋಯಾದಲ್ಲಿ ಫ್ಯಾಡ್-3 ಜೀನಿನ ಎ, ಬಿ, ಸಿ ಅಂತ ಮೂರು ಪ್ರತಿಗಳಿವೆ. ಮೂರೂ ಕೆಟ್ಟ ಪ್ರತಿಗಳನ್ನು ಒಂದೇ ಗಿಡದಲ್ಲಿ ಸೇರಿಸಿದ ಮೇಲೆ, ಎ29 ಅನ್ನುವ ಸಾಲಿನಲ್ಲಿ, ಲಿನೋಲೆನಿಕ್ ಶೇ 1ಕ್ಕೆ ಬಂತು. 2006ರ ಟ್ರಾನ್ಸ್ ಫ್ಯಾಟ್ ನಿಯಮದ ಹೊತ್ತಿಗೆ ಕಡಿಮೆ ಲಿನೋಲೆನಿಕ್ ಸೋಯಾಗೆ ಒಳ್ಳೆ ಬೇಡಿಕೆ ಇತ್ತು. ಆದರೆ ಹೋಟೆಲಿನ ಬಾಣಲೆಯಲ್ಲಿ ದಿನಗಟ್ಟಲೆ ಕಾಯುವ ಎಣ್ಣೆಗೆ ಅದು ಸಾಲದು. ಹತ್ತು ಪಟ್ಟು ವೇಗದಲ್ಲಿ ಕೆಡುವ ಎರಡು ಬಾಗಿನದು ಇನ್ನೂ ಅರ್ಧಕ್ಕಿಂತ ಜಾಸ್ತಿ ಇತ್ತಲ್ಲ.

ಹಾಗಾಗಿ ಎಲ್ಲರ ಕಣ್ಣು ಮೇಲಿನ ತೂಬಿಗೆ ಹೋಯಿತು, ಫ್ಯಾಡ್-2ಕ್ಕೆ.

ಜಪಾನಿನ ಸಾಗಾ ವಿಶ್ವವಿದ್ಯಾಲಯದವರು 'ಬೇ' ಅನ್ನುವ ತಳಿಯ ಬೀಜಗಳಿಗೆ ಎಕ್ಸ್-ರೇ ಬಿಟ್ಟು ಎಂ23 ಅನ್ನುವ ಸಾಲು ಪಡೆದಿದ್ದರು. ಅದರಲ್ಲಿ ಓಲೀಕ್ ಶೇ 50ರ ಆಸುಪಾಸು. ಮಾಮೂಲಿ 23ಕ್ಕೆ ಹೋಲಿಸಿದರೆ ಎರಡು ಪಟ್ಟು, ಖುಷಿ ಪಡುವ ವಿಷಯವೇ. ಆದರೆ ಸಂಖ್ಯೆ ಅಲ್ಲಿಂದ ಮೇಲೆ ಏರಲಿಲ್ಲ. ಬೇರೆ ಊರಲ್ಲಿ ಬಿತ್ತಿದರೆ, ಬೇರೆ ಹವೆ ಸಿಕ್ಕರೆ, ಕೆಳಗೂ ಇಳಿಯುತ್ತಿತ್ತು.

ಯಾಕೆ ಅನ್ನುವುದಕ್ಕೆ ಉತ್ತರ ಸೋಯಾದ ಹಳೆ ಚರಿತ್ರೆಯಲ್ಲಿದೆ. 2010ರ ಜನವರಿಯಲ್ಲಿ 'ವಿಲಿಯಮ್ಸ್ 82' ಅನ್ನುವ ಅಮೆರಿಕದ ತಳಿಯ ಪೂರ್ತಿ ಜೀನೋಮ್, ಅಂದರೆ ಎಲ್ಲ ಜೀನ್‌ಗಳೂ ಇರುವ ಇಡೀ ಡಿಎನ್‌ಎ, 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. 20 ಜೊತೆ ಕ್ರೋಮೋಸೋಮು, 46,000ಕ್ಕೂ ಹೆಚ್ಚು ಜೀನು. ಅದರಲ್ಲಿ ಕಂಡಿದ್ದೇನಂದರೆ, ಸೋಯಾದ ಪೂರ್ವಜರಲ್ಲಿ ಇಡೀ ಜೀನೋಮ್ ಎರಡು ಸಲ ದುಪ್ಪಟ್ಟಾಗಿದೆ. ಒಂದು ಸಲ ಸುಮಾರು 5.9 ಕೋಟಿ ವರ್ಷ ಹಿಂದೆ, ಇನ್ನೊಂದು ಸಲ ಸುಮಾರು 1.3 ಕೋಟಿ ವರ್ಷ ಹಿಂದೆ. ಹಾಗಾಗಿ ಜೀನ್‌ಗಳಲ್ಲಿ ಮುಕ್ಕಾಲು ಭಾಗಕ್ಕೆ ಒಂದಕ್ಕಿಂತ ಹೆಚ್ಚು ಪ್ರತಿ. ಮನೆ ದಾಖಲೆಯನ್ನೆಲ್ಲ ಯಾರೋ ಎರಡೆರಡು ಸಲ ಜೆರಾಕ್ಸ್ ಮಾಡಿ ಇಟ್ಟ ಹಾಗೆ. ನೀವು ಒಂದು ಪ್ರತಿ ಹರಿದು ಹಾಕಿದರೂ ಇನ್ನೊಂದು ಬೀರುವಿನಲ್ಲಿ ಇರುತ್ತದೆ.

ಬೀಜದಲ್ಲಿ ಕೆಲಸ ಮಾಡುವ ಫ್ಯಾಡ್-2 ಕೂಡ ಹೀಗೇ ಜೋಡಿ. ಒಂದರ ಹೆಸರು ಫ್ಯಾಡ್2-1ಎ, ಅದು 10ನೇ ಕ್ರೋಮೋಸೋಮಿನಲ್ಲಿದೆ. ಇನ್ನೊಂದು ಫ್ಯಾಡ್2-1ಬಿ, 20ನೆಯದರಲ್ಲಿ. ಎ ದೊಡ್ಡ ತೂಬು, ಬಿ ಚಿಕ್ಕದು. ಎಂ23ರಲ್ಲಿ ದೊಡ್ಡ ತೂಬು ಪೂರ್ತಿ ಮುಚ್ಚಿಹೋಗಿತ್ತು, ಚಿಕ್ಕದು ಹಾಗೇ ಹರಿಯುತ್ತಿತ್ತು.

ಆಗ ಅಮೆರಿಕದ ಮಿಸ್ಸೂರಿಯಲ್ಲಿ ಕೃಷಿ ಇಲಾಖೆಯ ಸಂಶೋಧಕಿ ಕ್ರಿಸ್ಟಿನ್ ಬಿಲ್ಯೂ, ಮಿಸ್ಸೂರಿ ವಿಶ್ವವಿದ್ಯಾಲಯದ ತಳಿ ವಿಜ್ಞಾನಿ ಗ್ರೋವರ್ ಶಾನನ್ ಮತ್ತು ಜೊತೆಗಾರರು ಚಿಕ್ಕ ತೂಬನ್ನು ಹುಡುಕಿಕೊಂಡು ಹೊರಟರು. ಇಲ್ಲಿ ಒಂದು ತಮಾಷೆಯ ತೊಡಕಿದೆ. ದೊಡ್ಡ ತೂಬು ತೆರೆದಿರುವಾಗ ಚಿಕ್ಕದು ಮುಚ್ಚಿದ್ದರೂ ನೀರಿನ ಮಟ್ಟದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಅಂದರೆ ಬಿ ಜೀನು ಕೆಟ್ಟಿರುವ ಗಿಡದ ಎಣ್ಣೆ ಮಾಮೂಲಿಯ ಹಾಗೇ ಇರುತ್ತದೆ. ಎಣ್ಣೆ ಪರೀಕ್ಷೆ ಮಾಡಿ ಅಂಥ ಗಿಡವನ್ನು ಕಂಡುಹಿಡಿಯುವುದು ಕಷ್ಟ. ಜೀನನ್ನೇ ಓದಬೇಕು. ಲೋಕದ ಮೂಲೆಮೂಲೆಯಿಂದ ತಂದಿಟ್ಟ ಹಳೆ ತಳಿಗಳ ಸಂಗ್ರಹ ಅಮೆರಿಕದ ಅರ್ಬಾನಾದಲ್ಲಿದೆ, ಸುಮಾರು 20,000 ತಳಿ ಅಲ್ಲಿವೆ. ಅದರಲ್ಲಿನ ಪಿಐ 283327 ಅನ್ನುವ ತಳಿಯಲ್ಲಿ ಬಿ ಜೀನಿನ ಒಂದೇ ಒಂದು ಅಕ್ಷರ ಬದಲಾಗಿ, ಕಿಣ್ವ ಕೆಲಸಕ್ಕೆ ಬಾರದಂತಾಗಿತ್ತು. ಯಾರೂ ಮಾಡಿದ್ದಲ್ಲ, ತಾನಾಗೇ ಆಗಿದ್ದು. ಎಷ್ಟು ಕಾಲ ಆ ಬೀಜ ಯಾರ ಕಣ್ಣಿಗೂ ಬೀಳದೆ ಡಬ್ಬಿಯಲ್ಲಿತ್ತೋ ಏನೋ.

ಅದನ್ನು ಎ ಕೆಟ್ಟಿರುವ ಸಾಲುಗಳ ಜೊತೆ ಕ್ರಾಸ್ ಮಾಡಿದರು. ಎರಡೂ ಕೆಟ್ಟ ಜೀನ್‌ಗಳು ಸೇರಿದ ಬೀಜಗಳಲ್ಲಿ ಓಲೀಕ್ ಶೇ 80ರ ಹತ್ತಿರಕ್ಕೆ ಹಾರಿತು. 50ರಿಂದ 55 ಅಲ್ಲ, ನೇರವಾಗಿ 80. ಫಲಿತಾಂಶ 2010ರಲ್ಲೇ ಪ್ರಕಟವಾಯಿತು. ಇನ್ನೊಂದು ಲಾಭವೂ ಸಿಕ್ಕಿತು, ಎರಡೂ ತೂಬು ಮುಚ್ಚಿದ ಮೇಲೆ ಊರು, ಹವೆ ಬದಲಾದರೂ ಸಂಖ್ಯೆ ಅಷ್ಟಾಗಿ ಅಲುಗಾಡಲಿಲ್ಲ.

ಕ್ರಾಸ್ ಮಾಡಿದರು ಅಂತ ಒಂದು ಸಾಲಿನಲ್ಲಿ ಬರೆದುಬಿಟ್ಟೆ. ಅದರ ಹಿಂದಿನ ಕೆಲಸ ಸ್ವಲ್ಪ ಹೇಳಲೇಬೇಕು. ಸೋಯಾ ಹೂವು ಅರ್ಧ ಸೆಂಟಿಮೀಟರಿಗಿಂತ ತುಸು ದೊಡ್ಡದು, ಅಷ್ಟೇ. ಅರಳುವ ಮೊದಲೇ ಒಳಗೊಳಗೇ ತನ್ನ ಪರಾಗ ತನಗೇ ಹಾಕಿಕೊಂಡುಬಿಡುವ ಹೂವು ಇದು. ಹಾಗಾಗಿ ಮೊಗ್ಗಾಗಿದ್ದಾಗಲೇ ಚಿಮುಟದಲ್ಲಿ ದಳ ಕಿತ್ತು, ಗಂಡು ಭಾಗ ತೆಗೆದು, ಇನ್ನೊಂದು ಗಿಡದ ಪರಾಗ ತಂದು ಮುಟ್ಟಿಸಬೇಕು. ಬೆನ್ನು ಬಾಗಿಸಿ ಇಡೀ ಬೆಳಗ್ಗೆ ಮಾಡಿದರೂ ಬಹಳಷ್ಟು ಉದುರಿಹೋಗುತ್ತವೆ. ಉಳಿದಿದ್ದು ನಿಜವಾಗಿ ಕ್ರಾಸ್ ಆಗಿದೆಯೋ ಇಲ್ಲವೋ ತಿಳಿಯಲು ಹೂವಿನ ಬಣ್ಣ ನೋಡುತ್ತಾರೆ. ಬಿಳಿ ಹೂವಿನ ತಾಯಿಗೆ ನೇರಳೆ ಹೂವಿನ ಅಪ್ಪ ಇದ್ದರೆ ಮಗುವಿಗೆ ನೇರಳೆ ಹೂವು ಬರಬೇಕು. ಬಿಳಿಯೇ ಬಂದರೆ ಕೆಲಸ ಕೆಟ್ಟಿತು ಅಂತ ಅರ್ಥ.

ಮುಂದಿನದು ಲೆಕ್ಕ. ಪ್ರತಿ ಜೀನೂ ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ. ತೂಬು ಮುಚ್ಚಬೇಕಾದರೆ ಎರಡೂ ಕೆಟ್ಟಿರಬೇಕು. ಮೊದಲ ಪೀಳಿಗೆಯ ಗಿಡದಲ್ಲಿ ಒಂದು ಒಳ್ಳೆಯದು, ಒಂದು ಕೆಟ್ಟದ್ದು ಇರುತ್ತದೆ. ಅದರ ಬೀಜಗಳಲ್ಲಿ ಎ ಪೂರ್ತಿ ಕೆಟ್ಟಿರುವುದು ನಾಲ್ಕರಲ್ಲಿ ಒಂದು. ಬಿ ಕೂಡ ನಾಲ್ಕರಲ್ಲಿ ಒಂದು. ಎರಡೂ ಸೇರಿ ಹದಿನಾರರಲ್ಲಿ ಒಂದು. ನೂರು ಬೀಜ ಸಿಕ್ಕರೆ ಆರೋ ಏಳೋ. ಇದರ ಜೊತೆಗೆ ಲಿನೋಲೆನಿಕ್ ಕೂಡ ಇಳಿಸಬೇಕು ಅಂತ ಫ್ಯಾಡ್-3ರ ಎರಡು ಜೀನು ಸೇರಿಸಿದರೆ 256ರಲ್ಲಿ ಒಂದು. ನೂರು ಬೀಜದಲ್ಲಿ ಒಂದೂ ಸಿಗದೆ ಇರುವುದೇ ಹೆಚ್ಚು.

ಇಲ್ಲಿ ಸೋಯಾ ಒಂದು ಉಪಕಾರ ಮಾಡುತ್ತದೆ. ಕಾಳಿನ ಎಣ್ಣೆ ಇರುವುದು ಬೇಳೆಯಲ್ಲಿ. ಬೇಳೆ ತಾಯಿಗಿಡದ ಭಾಗ ಅಲ್ಲ, ಅದು ಮುಂದಿನ ಗಿಡದ್ದೇ ಮೈ. ಹಾಗಾಗಿ ಒಂದೇ ಗಿಡದಲ್ಲಿ, ಅಷ್ಟೇ ಯಾಕೆ, ಒಂದೇ ಕಾಯಿಯೊಳಗಿನ ಮೂರು ಕಾಳುಗಳಲ್ಲಿ ಮೂರು ಥರದ ಎಣ್ಣೆ ಇರಬಹುದು. ಕಾಳಿನ ಒಂದು ತುದಿಯಿಂದ, ಮೊಳಕೆ ಬರುವ ಕಡೆ ಬಿಟ್ಟು, ಚೂರೇ ಚೂರು ಬೇಳೆ ಕೆತ್ತಿ ಗ್ಯಾಸ್ ಕ್ರೊಮೆಟೊಗ್ರಾಫ್ ಯಂತ್ರಕ್ಕೆ ಹಾಕಿದರೆ ಐದೂ ಫ್ಯಾಟಿ ಆಸಿಡ್‌ಗಳ ಪಟ್ಟಿ ಬರುತ್ತದೆ. ಉಳಿದ ಕಾಳನ್ನು ಬಿತ್ತಬಹುದು, ಅದು ಆರಾಮಾಗಿ ಮೊಳೆಯುತ್ತದೆ. ಹಸು ಕರು ಹಾಕಿ ಹಾಲು ಕೊಡುವ ತನಕ ಕಾಯಬೇಕಾದವರಿಗೆ ಈ ಅದೃಷ್ಟ ಎಲ್ಲಿ!

ಇಷ್ಟಾದ ಮೇಲೂ ರೈತನಿಗೆ ಕೊಡುವ ತಳಿ ಆಗಿರುವುದಿಲ್ಲ. ಹಳೆ ಸಂಗ್ರಹದ ಗಿಡಗಳು ಸಾಮಾನ್ಯವಾಗಿ ಇಳುವರಿ ಕಡಿಮೆ, ಮಲಗಿಬಿಡುತ್ತವೆ, ಕಾಯಿ ಸಿಡಿಯುತ್ತದೆ. ಬೇಕಾದ ಎರಡು ಜೀನ್ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ತೊಳೆಯಬೇಕು. ಅದಕ್ಕೆ ಒಳ್ಳೆ ತಳಿಯ ಜೊತೆ ಮತ್ತೆ ಮತ್ತೆ ಕ್ರಾಸ್. ಮೊದಲ ಕ್ರಾಸಿನಲ್ಲಿ ಅರ್ಧ ಮೈ ಒಳ್ಳೆ ತಳಿಯದು, ನಂತರ ಮುಕ್ಕಾಲು, ಆಮೇಲೆ ಶೇ 87.5, ಆಮೇಲೆ ಸುಮಾರು 94. ಹಾಲಿಗೆ ನೀರು ಬೆರೆಸುವ ಲೆಕ್ಕವನ್ನೇ ತಿರುಗಿಸಿ ಮಾಡಿದ ಹಾಗೆ. ಈಗ ಎಲೆಯ ಒಂದು ಚುಕ್ಕೆಯಷ್ಟು ತೆಗೆದು ಡಿಎನ್‌ಎ ಪರೀಕ್ಷೆ ಮಾಡಿದರೆ ಯಾವ ಸಸಿಯಲ್ಲಿ ಬೇಕಾದ ಜೀನಿದೆ ಅಂತ ಹೂ ಬಿಡುವ ಮೊದಲೇ ತಿಳಿಯುತ್ತದೆ, ಇಲ್ಲದಿದ್ದರೆ ಈ ಕೆಲಸ ಇನ್ನೂ ಎಷ್ಟೋ ವರ್ಷ ಹಿಡಿಯುತ್ತಿತ್ತು. ಮಿಸ್ಸೂರಿಯಿಂದ ಹೊರಟ ಈ ಗುಣ ಅಮೆರಿಕದಲ್ಲಿ ಸೋಯ್ಲೀಕ್ ಅನ್ನುವ ಹೆಸರಿನಲ್ಲಿದೆ. ಹೊರಗಿನ ಜೀನ್ ಇಲ್ಲ, ಪೂರ್ತಿ ಕ್ರಾಸಿಂಗ್‌ನಿಂದ ಬಂದದ್ದು.

ಇದೇ ಎರಡು ತೂಬುಗಳನ್ನು ಬೇರೆ ದಾರಿಯಲ್ಲಿ ಮುಚ್ಚಿದವರೂ ಇದ್ದಾರೆ. ಡುಪಾಂಟ್ ಪಯೋನಿಯರ್ ಕಂಪನಿ ಫ್ಯಾಡ್-2 ಜೀನಿನದೇ ಒಂದು ತುಂಡನ್ನು ಸೋಯಾಗೆ ಮತ್ತೆ ಸೇರಿಸಿತು. ಒಂದೇ ಸಂದೇಶ ಅತಿಯಾಗಿ ಬಂದಾಗ ಜೀವಕೋಶ ಅನುಮಾನಪಟ್ಟು ಆ ಸಂದೇಶವನ್ನೇ ಅಳಿಸಿಹಾಕುತ್ತದೆ, ಎ ಮತ್ತು ಬಿ ಎರಡರದ್ದೂ. ಪ್ಲೆನಿಷ್ ಅನ್ನುವ ಆ ಸೋಯಾಗೆ 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಜಿಎಂ, ಅಂದರೆ ಕುಲಾಂತರಿ. ಮಾನ್ಸಾಂಟೊದ ವಿಸ್ಟಿವ್ ಗೋಲ್ಡ್ ಕೂಡ ಜಿಎಂ, ಅದರಲ್ಲಿ ಫ್ಯಾಡ್-2 ಜೊತೆಗೆ ಫ್ಯಾಟ್-ಬಿ ಅನ್ನುವ ಇನ್ನೊಂದು ಜೀನನ್ನೂ ತಗ್ಗಿಸಿ ಪಾಮಿಟಿಕ್ ಇಳಿಸಿದರು. ಮೂರನೇ ದಾರಿ ಜೀನ್ ಎಡಿಟಿಂಗ್. ಟ್ಯಾಲೆನ್ ಅನ್ನುವ ಕತ್ತರಿಯಂಥ ಪ್ರೋಟೀನಿನಿಂದ ಎ ಮತ್ತು ಬಿ ಎರಡನ್ನೂ ಒಂದೇ ಏಟಿಗೆ ಕತ್ತರಿಸಿದ ವರದಿ 2014ರಲ್ಲಿ ಬಂತು, ಓಲೀಕ್ ಮತ್ತೆ ಅದೇ ಶೇ 80. ಎರಡು ಬಾಗಿನದು ಶೇ 50ರಿಂದ 4ಕ್ಕಿಂತ ಕೆಳಗೆ. 2019ರಲ್ಲಿ ಕ್ಯಾಲಿಕ್ಸ್ಟ್ ಕಂಪನಿ ಆ ಎಣ್ಣೆಯನ್ನು ಅಮೆರಿಕದಲ್ಲಿ ಮಾರಾಟಕ್ಕೆ ಬಿಟ್ಟಿತು. ಜೀನ್ ಎಡಿಟ್ ಮಾಡಿದ ಬೆಳೆಯಿಂದ ಅಲ್ಲಿ ಮಾರುಕಟ್ಟೆಗೆ ಬಂದ ಮೊದಲ ಆಹಾರ ಅದೇ.

ಎಕ್ಸ್-ರೇಯಂಥದ್ದರಿಂದ ಕೆಡಿಸಿದ್ದನ್ನು ತಾನಾಗೇ ಕೆಟ್ಟಿದ್ದರ ಜೊತೆ ಸೇರಿಸಿದ್ದು, ಜಿಎಂನಿಂದ ಮುಚ್ಚಿಸಿದ್ದು, ಕತ್ತರಿಯಿಂದ ಕತ್ತರಿಸಿದ್ದು. ಮೂರೂ ಬಂದು ನಿಂತದ್ದು ಅದೇ ಎರಡು ಜೀನ್‌ಗಳ ಮುಂದೆ, ಅದೇ 80ರ ಸುತ್ತಮುತ್ತ. ಬಾಟಲಿಯೊಳಗಿನ ಎಣ್ಣೆ ನೋಡಿ ಯಾವುದು ಯಾವ ದಾರಿಯಲ್ಲಿ ಬಂತು ಅಂತ ಹೇಳಲು ನಿಮಗೂ ಆಗಲ್ಲ, ನನಗೂ ಆಗಲ್ಲ. ಕಾನೂನಿನಲ್ಲಿ ಮಾತ್ರ ಒಂದೊಂದಕ್ಕೆ ಒಂದೊಂದು ಕಡತ. ನಮ್ಮಲ್ಲೂ 2022ರ ಮಾರ್ಚ್‌ನಲ್ಲಿ ಹೊರಗಿನ ಜೀನ್ ಇಲ್ಲದ ಎಡಿಟಿಂಗ್‌ಗೆ ಜಿಎಂ ನಿಯಮಗಳಿಂದ ವಿನಾಯಿತಿ ಕೊಟ್ಟರು, ಅದರಡಿ 2025ರಲ್ಲಿ ಎರಡು ಭತ್ತದ ತಳಿಗಳು ಹೊರಬಂದವು.

ತೂಬು ಮುಚ್ಚಿದರೆ ಗಿಡಕ್ಕೆ ತೊಂದರೆ ಆಗಲ್ವಾ? ಒಳ್ಳೆ ಪ್ರಶ್ನೆ. ಬಾಗಿರುವ ಬಾಲಗಳು ಎಣ್ಣೆಗೆ ಮಾತ್ರ ಅಲ್ಲ, ಜೀವಕೋಶದ ಪೊರೆಗೂ ಬೇಕು, ಅದರಲ್ಲೂ ಚಳಿಯಲ್ಲಿ ಪೊರೆ ಗಡುಸಾಗದೆ ಇರಲು. ಅದೃಷ್ಟಕ್ಕೆ ಎ ಮತ್ತು ಬಿ ಮುಖ್ಯವಾಗಿ ಬೀಜದಲ್ಲೇ ಕೆಲಸ ಮಾಡುತ್ತವೆ. ಎಲೆ, ಬೇರುಗಳಿಗೆ ಫ್ಯಾಡ್2-2 ಅನ್ನುವ ಬೇರೆ ಪ್ರತಿಗಳಿವೆ. ಆ ಜೆರಾಕ್ಸ್ ಪ್ರತಿಗಳು ಇಷ್ಟು ಹೊತ್ತು ಕಾಟ ಕೊಟ್ಟವು, ಇಲ್ಲಿ ಅವೇ ಕಾಪಾಡಿದವು.

ಎಲ್ಲ ಗುಣಕ್ಕೂ ಈ ಅದೃಷ್ಟ ಇಲ್ಲ. ಬೇಕರಿಗೆ, ಮಾರ್ಗರೀನ್‌ಗೆ ಗಟ್ಟಿ ಕೊಬ್ಬು ಬೇಕು, ಅದಕ್ಕೆ ಸ್ಟಿಯರಿಕ್ ಜಾಸ್ತಿ ಇರುವ ಸೋಯಾ ಚೆನ್ನ ಅಂತ ಆ ಕಡೆಯೂ ಪ್ರಯತ್ನ ನಡೆಯಿತು. ಅಯೋವಾದ ಎ6 ಅನ್ನುವ ಸಾಲಿನಲ್ಲಿ ಸ್ಟಿಯರಿಕ್ ಶೇ 4ರಿಂದ 30ಕ್ಕೆ ಏರಿತ್ತು. ಅಲ್ಲಿ ಮುಚ್ಚಿದ್ದು ಓಲೀಕ್ ಕೆರೆಗೂ ಮೇಲಿನ ತೂಬು. ಆದರೆ ಆ ಜೀನು ಬೇರಿನ ಗಂಟುಗಳಲ್ಲೂ ಕೆಲಸ ಮಾಡುತ್ತದೆ, ಅದೇ, ಗಾಳಿಯ ಸಾರಜನಕ ಹಿಡಿಯುವ ಗಂಟುಗಳು. ಜೀನು ಕಿತ್ತುಹೋದ ಗಿಡಗಳಲ್ಲಿ ಗಂಟಿನ ಒಳರಚನೆಯೇ ಕೆಟ್ಟಿದ್ದನ್ನು 2014ರಲ್ಲಿ ಕಂಡರು. ದ್ವಿದಳ ಬೆಳೆಯ ಗಂಟಿಗೇ ಪೆಟ್ಟು ಬಿದ್ದರೆ ಇನ್ನೇನು ಉಳಿಯಿತು?

ಎಣ್ಣೆಯ ಗುಣದ ಮಾತು ಬೇರೆ, ಪ್ರಮಾಣದ ಮಾತೇ ಬೇರೆ. ಪ್ರಮಾಣ ಹೆಚ್ಚಿಸುವುದಕ್ಕೆ ಹೀಗೆ ಒಂದೆರಡು ತೂಬು ಹುಡುಕಿದರೆ ಆಗಲ್ಲ. ನೂರಾರು ಜೀನ್‌ಗಳ ಸಣ್ಣ ಸಣ್ಣ ಪಾಲು ಅದರಲ್ಲಿದೆ, ಎಣ್ಣೆ ಏರಿದರೆ ಪ್ರೋಟೀನ್ ಇಳಿಯುವುದೇ ಹೆಚ್ಚು. 20ನೇ ಕ್ರೋಮೋಸೋಮಿನಲ್ಲಿ ದೊಡ್ಡ ಪಾಲಿರುವ ಒಂದು ಜೀನ್ ಮಾತ್ರ ಎದ್ದು ಕಾಣುತ್ತದೆ. ಅದರೊಳಗೆ ಒಂದು ಜಿಗಿಯುವ ಡಿಎನ್‌ಎ ತುಂಡು ಬಂದು ಕೂತಿದ್ದರಿಂದ ಕಾಡು ಸೋಯಾಗಿಂತ ಊರ ಸೋಯಾದಲ್ಲಿ ಎಣ್ಣೆ ಜಾಸ್ತಿ, ಪ್ರೋಟೀನ್ ಕಡಿಮೆ ಆಯಿತು ಅಂತ 2022ರಲ್ಲಿ ತೋರಿಸಿದರು. ಅದನ್ನು ಆರಿಸಿದ್ದು ಯಾವುದೋ ಕಾಲದ ಪೂರ್ವ ಏಷ್ಯಾದ ರೈತರು, ದಪ್ಪ ಕಾಳು ನೋಡಿ ಎತ್ತಿಟ್ಟಿರಬೇಕು.

ಈಗ ನಮ್ಮ ಕಡೆ ಬರೋಣ. ಇಂದೋರಿನಲ್ಲಿ ಐಸಿಎಆರ್‌ನ ಸೋಯಾಬೀನ್ ಸಂಶೋಧನಾ ಸಂಸ್ಥೆ ಇದೆ. ಅಲ್ಲಿಂದ ಎನ್‌ಆರ್‌ಸಿ 147 ಅನ್ನುವ ತಳಿ ಬಂದಿದೆ, ಓಲೀಕ್ ಶೇ 42ರ ಸುಮಾರು. ಮಾಮೂಲಿಗಿಂತ ಎಷ್ಟೋ ಮೇಲೆ, 80ಕ್ಕೆ ಇನ್ನೂ ಅರ್ಧ ದಾರಿ. ಅದೇ ಸಂಸ್ಥೆಯ ಎನ್‌ಆರ್‌ಸಿ 132, ಎನ್‌ಆರ್‌ಸಿ 142 ತಳಿಗಳು ಇನ್ನೊಂದು ಕಡೆಯಿಂದ ವಾಸನೆ ಬಿಡಿಸುತ್ತವೆ. ಸೋಯಾ ಹಾಲು ಮಾಡುವಾಗ ಬರುವ ಹಸಿ ವಾಸನೆ ಇದೆಯಲ್ಲ, ಅದು ಲಿಪಾಕ್ಸಿಜಿನೇಸ್ ಅನ್ನುವ ಕಿಣ್ವದ ಕೆಲಸ. ಕಾಳು ರುಬ್ಬಿದ ತಕ್ಷಣ ಅದು ಎರಡು-ಮೂರು ಬಾಗಿನ ಬಾಲಗಳ ಮೇಲೆಯೇ ಬೀಳುತ್ತದೆ. ಈ ತಳಿಗಳಲ್ಲಿ ಆ ಕಿಣ್ವದ ಮುಖ್ಯ ರೂಪ ಇಲ್ಲ.

ಆದರೆ ಬೀದರಿನ, ಬೆಳಗಾವಿಯ ಸೋಯಾ ರೈತರಿಗೆ ಓಲೀಕ್ ಕಥೆ ಹೇಳಿದರೆ ಮೊದಲು ಕೇಳುವುದು ಎಕರೆಗೆ ಎಷ್ಟು ಚೀಲ, ತುಕ್ಕು ರೋಗ ತಡೆಯುತ್ತದಾ ಅಂತ. ತಪ್ಪೇನಿಲ್ಲ. ಕೃಷ್ಣಾ ತೀರದ ಉಗಾರ ಖುರ್ದ ಕಡೆ ತುಕ್ಕು ರೋಗ ಎಷ್ಟು ಜೋರು ಅಂದರೆ, ತಳಿಗಳಿಗೆ ರೋಗ ತಡೆಯುವ ಶಕ್ತಿ ಇದೆಯಾ ಅಂತ ಪರೀಕ್ಷೆ ಮಾಡಲು ಅಲ್ಲೇ ಬಿತ್ತುತ್ತಾರೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಸ್‌ಬಿ 21 ಹೆಸರು ಮಾಡಿದ್ದು ತುಕ್ಕು ತಡೆದು, ಎಣ್ಣೆಯ ಗುಣಕ್ಕಲ್ಲ. ಅದಿರಲಿ, ಓಲೀಕ್ ಜಾಸ್ತಿ ಇರುವ ಕಾಳು ಬೆಳೆದರೂ ಎಪಿಎಂಸಿಯಲ್ಲಿ ಅದು ಎಲ್ಲರ ಕಾಳಿನ ರಾಶಿಗೇ ಬೀಳುತ್ತದೆ. ರಾಶಿಯಲ್ಲಿ ಬೆರೆತರೆ 80 ಹೋಗಿ 30 ಆಗುತ್ತದೆ. ಅಮೆರಿಕದಲ್ಲಿ ಇದಕ್ಕೆ ಬೇರೆ ಗೋದಾಮು, ಬೇರೆ ಲಾರಿ, ರೈತರಿಗೆ ಮೇಲುದುಡ್ಡು ಇಟ್ಟಿದ್ದಾರೆ. ನನ್ನ ಪ್ರಕಾರ ನಮ್ಮಲ್ಲಿ ಇದು ಜೀನಿಗಿಂತ ದೊಡ್ಡ ತೂಬು. ಅದೂ ಅಲ್ಲದೆ ನಾವು ಬಳಸುವ ಸೋಯಾ ಎಣ್ಣೆಯ ದೊಡ್ಡ ಪಾಲು ಅರ್ಜೆಂಟೀನಾ, ಬ್ರೆಜಿಲ್ ಕಡೆಯಿಂದ ಹಡಗಿನಲ್ಲಿ ಬರುತ್ತದೆ.

ಶೇಂಗಾದಲ್ಲಿ ಕೆಲಸ ಇದಕ್ಕಿಂತ ಮುಂದೆ ಹೋಗಿದೆ. ಅಲ್ಲೂ ಫ್ಯಾಡ್-2 ಜೋಡಿಯೇ, ಎರಡು ಕಾಡು ಜಾತಿ ಸೇರಿ ಹುಟ್ಟಿದ ಬೆಳೆ ಅದು. ಎರಡೂ ಕೆಟ್ಟಿದ್ದ ಗಿಡ ಫ್ಲಾರಿಡಾದಲ್ಲಿ ತಾನಾಗೇ ಸಿಕ್ಕಿತು, 1987ರಲ್ಲಿ ಅದರ ವರದಿ ಬಂತು. ಜುನಾಗಢದ ಶೇಂಗಾ ಸಂಶೋಧನಾ ಸಂಸ್ಥೆ ಮತ್ತು ಹೈದರಾಬಾದಿನ ಇಕ್ರಿಸ್ಯಾಟ್ ಸೇರಿ ತಂದ ಗಿರ್ನಾರ್ 4, ಗಿರ್ನಾರ್ 5 ತಳಿಗಳಲ್ಲಿ ಓಲೀಕ್ ಶೇ 80ರ ಹತ್ತಿರ ಇದೆ. ಚಿಕ್ಕಿ ಮಾಡುವವರಿಗೆ ಇದು ದೊಡ್ಡ ವಿಷಯ, ಬೀಜ ಬೇಗ ಕಮಟು ಹಿಡಿಯುವುದಿಲ್ಲ.

ಮಾಮೂಲಿ ಸೋಯಾ ಎಣ್ಣೆ ವಿಷ ಅಂತ ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದರೆ ನಂಬಬೇಡಿ. ಮನೆಯಲ್ಲಿ ಒಗ್ಗರಣೆಗೆ, ಪಲ್ಯಕ್ಕೆ ಅದು ಚೆನ್ನಾಗೇ ಇದೆ. ಕಳ್ಳ ಅಂತ ನಾವು ಹಿಡಿದ ಆ ಮೂರು ಬಾಗಿನದು ಒಮೆಗಾ-3 ಕೂಡ ಹೌದು, ಮೀನು ತಿನ್ನದ ಮನೆಗಳಿಗೆ ಅದು ಸಿಗುವ ಕೆಲವೇ ದಾರಿಗಳಲ್ಲಿ ಸೋಯಾ ಎಣ್ಣೆಯೂ ಒಂದು. ಕರಿಯಲು ಒಳ್ಳೆಯದಾದ ಎಣ್ಣೆಯಲ್ಲಿ ಅದು ಕಡಿಮೆ ಇರುತ್ತದೆ. ಎರಡೂ ಒಟ್ಟಿಗೆ ಬೇಕು ಅಂದರೆ ಆಗಲ್ಲ.

ಅಂಗಡಿಯಲ್ಲಿ ಎಣ್ಣೆ ಪ್ಯಾಕೆಟ್ ಕೈಗೆತ್ತಿಕೊಂಡಾಗ ಹಿಂಬದಿಯ ಪಟ್ಟಿ ನೋಡಿ. ಮೂಫಾ ಅಂದರೆ ಹೆಚ್ಚುಕಡಿಮೆ ಒಂದು ಬಾಗಿನ ಓಲೀಕ್, ಪೂಫಾ ಅಂದರೆ ಎರಡು-ಮೂರು ಬಾಗಿನವು. ಮಾಮೂಲಿ ಸೋಯಾ ಎಣ್ಣೆಯಲ್ಲಿ ನೂರು ಗ್ರಾಂಗೆ ಮೂಫಾ 22-24 ಗ್ರಾಂ, ಪೂಫಾ 60ರ ಸುಮಾರು ಇರುತ್ತದೆ. ಮೂಫಾ 70 ದಾಟಿರುವ ಸೋಯಾ ಪ್ಯಾಕೆಟ್ ಎಂದಾದರೂ ಕಂಡರೆ, ಎರಡು ತೂಬೂ ಮುಚ್ಚಿದ ಬೀಜದಿಂದ ಬಂದದ್ದು ಅಂದುಕೊಳ್ಳಿ.